ಕಪ್ಪು ಪರದೆಯಲ್ಲಿ ನನ್ನ ಹೆಸರು

ಮನುಷ್ಯನಾದವನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜಂಬವೇ ಇಲ್ಲದವನ ಪಕ್ಕದಲ್ಲಿ ತುರುವೇಕೆರೆಯಿಂದ ತಿಪಟೂರಿನವರೆಗೆ ಬಸ್ಸಿನಲ್ಲಿ ಕೂತು ನೋಡಿ, ದಾರಿ ಸವೆಯುವುದೇ ಇಲ್ಲ. ಪುಣ್ಯಕ್ಕೆ ನಮ್ಮ ಕಡೆ ಜಂಬಕ್ಕೆ ಕೊರತೆಯಿಲ್ಲ. ಒಬ್ಬರಿಗೆ ತಮ್ಮ ತೋಟದ ಎಳನೀರಿನ ರುಚಿಯ ಮೇಲೆ ಜಂಬ. ಇನ್ನೊಬ್ಬರಿಗೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಹೇಗಿದೆಯೆಂದು ಸಿಪ್ಪೆ ಸುಲಿಯುವ ಮೊದಲೇ ಹೇಳಿಬಿಡುವ ಜಂಬ. ನನ್ನ ತೋಟದ ಎಳನೀರು ಸಾಧಾರಣ. ನನ್ನ ಕಿವಿ ಅದಕ್ಕಿಂತ ಸಾಧಾರಣ. ನನ್ನ ಜಂಬವೆಲ್ಲ ಇರುವುದು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ.

ಕಪ್ಪು ಪರದೆ ಅಂದರೆ ಕೆಟ್ಟು ಕೂತ ಕಂಪ್ಯೂಟರು ಎಂದು ತಿಳಿಯಬೇಡಿ. ತಿಪಟೂರಿನಲ್ಲಿ ತೆಂಗು ಬೆಳೆಗಾರರ ಸಂಘವೊಂದರ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಅಲ್ಲಿಗೆ ಮೊಟ್ಟಮೊದಲು ಕಂಪ್ಯೂಟರ್ ಬಂದಾಗ ಅದರಲ್ಲಿ ಚಿತ್ರವೂ ಇರಲಿಲ್ಲ, ಬಣ್ಣವೂ ಇರಲಿಲ್ಲ, ಒತ್ತುವುದಕ್ಕೆ ಮೌಸೂ ಇರಲಿಲ್ಲ. ಕಪ್ಪಗಿನ ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ಗೆರೆ, ಅಷ್ಟೆ. ಏನು ಬೇಕಾದರೂ ಅಕ್ಷರ ಹೊಡೆದೇ ಕೇಳಬೇಕು. 'ಡಿ ಐ ಆರ್' ಎಂದು ಹೊಡೆದರೆ ಒಳಗೆ ಯಾರ್ಯಾರು ಇದ್ದಾರೆಂದು ಹಾಜರಿ ಕೂಗುತ್ತದೆ. 'ಸಿ ಡಿ' ಎಂದು ಹೊಡೆದು, ಸ್ವಲ್ಪ ಜಾಗ ಬಿಟ್ಟು, ಫೋಲ್ಡರಿನ ಹೆಸರು ಹಿಡಿದು ಕರೆದರೆ ಅದರ ಬಾಗಿಲು ತೆರೆದು ಒಳಗೆ ಬಿಡುತ್ತದೆ. 'ಸಿ ಡಿ' ಮುಂದೆ ಎರಡು ಚುಕ್ಕಿ ಇಟ್ಟರೆ ಮರ್ಯಾದೆಯಿಂದ ಹೊರಗಿನ ಕೋಣೆಗೆ ಕರೆತರುತ್ತದೆ. ಕಚೇರಿಯ ಉಳಿದವರೆಲ್ಲ ಆ ಯಂತ್ರ ಕಂಡರೆ ಚಪ್ಪಲಿ ಬಿಟ್ಟು ದೂರ ನಿಲ್ಲುತ್ತಿದ್ದರು. ಕಲಿತವನು ನಾನೊಬ್ಬನೇ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುವ ಹಕ್ಕೂ ನನ್ನೊಬ್ಬನದೇ ಆಗಿತ್ತು. ಆಮೇಲೆ ಬಣ್ಣದ ಕಂಪ್ಯೂಟರುಗಳು ಬಂದು ಎಲ್ಲರೂ ಮೌಸ್ ಹಿಡಿದು ಓಡಾಡುವಂತಾದಾಗ ನನಗಾದ ದುಃಖ ಯಾರಿಗೂ ಅರ್ಥವಾಗಲಿಲ್ಲ.

ನಿವೃತ್ತನಾಗಿ ಊರು ಸೇರಿದ ಮೇಲೆ ಮನೆಗೊಂದು ಕಂಪ್ಯೂಟರ್ ತಂದಿಟ್ಟುಕೊಂಡೆ. ಈಗಿನ ಕಂಪ್ಯೂಟರುಗಳ ಹೊಟ್ಟೆಯೊಳಗೂ ಆ ಕಪ್ಪು ಪರದೆ ಹಾಗೇ ಇದೆ, ಕರೆದರೆ ಬರುತ್ತದೆ ಎಂದು ಗೊತ್ತಾದ ದಿನ ನನಗೆ ಹಳೇ ಸ್ನೇಹಿತ ಸಿಕ್ಕಿದಷ್ಟು ಸಂತೋಷವಾಯಿತು. ಅಂದಿನಿಂದ ಮನೆಗೆ ಯಾರಾದರೂ ಬಂದರೆ ಮೌಸನ್ನು ಮುಟ್ಟುವುದೇ ಇಲ್ಲ. ಪಕ್ಕದ ಮನೆಯ ಕಾಂತರಾಜು ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ನೋಡಿ ಬೆರಗಾಗಿಬಿಟ್ಟ. "ಚಂದ್ರಣ್ಣ, ಪೊಲೀಸ್ನೋರು ಕಳ್ರನ್ನ ಹಿಡಿಯಾಕೆ ಮಾಡ್ತಾರಲ್ಲ, ಇದು ಅದೇ ಅಲ್ವೇನಣ್ಣ?" ಎಂದು ಕೇಳಿದ. "ಹೆಚ್ಚುಕಮ್ಮಿ ಅದೇ ಕಣಪ್ಪ" ಎಂದೆ. ನಾನು ತೆರೆಯುತ್ತಿದ್ದದ್ದು ತೋಟದ ಕೊಳವೆಬಾವಿಯ ಫೋಟೋ. "ಅಂಗಾದ್ರೆ ಮುಂದಿನ ವಾರ ಕೊಬ್ರಿ ರೇಟ್ ಏನಾಯ್ತದೆ ಅಂತ ಇದ್ರಲ್ಲಿ ಗೊತ್ತಾಗುತ್ತಾ?" ಎಂದ. ಅದು ಮಾತ್ರ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಳ್ಳುವಾಗ ನನಗೆ ಸ್ವಲ್ಪ ಅವಮಾನವಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ನಡುಮನೆಯಲ್ಲಿ, ಅಟ್ಟದ ಬಾಯಿಯ ಕೆಳಗೆ. ನಮ್ಮ ಕಡೆಯ ಮನೆಗಳಲ್ಲಿ ಅಟ್ಟವೆಂದರೆ ಹಳೇ ಸಾಮಾನು ಎಸೆಯುವ ಜಾಗವಲ್ಲ. ತೆಂಗಿನಕಾಯಿ ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರು ಇಂಗಿಸಿಕೊಂಡು, ಕೊಬ್ಬರಿಯಾಗಿ ಏಳುವ ಜಾಗ. ಈ ಸಲ ಅವನ್ನು ಕೆಳಗಿಳಿಸುವಾಗ ಒಂದು ಕಾಯಿ ಕೈತಪ್ಪಿ ಉರುಳಿ ನೇರವಾಗಿ ಮೌಸಿನ ಮೇಲೆ ಬಿತ್ತು. ಮೌಸು ಸಿಪ್ಪೆ ಸುಲಿದ ಹಾಗೆ ಎರಡು ಹೋಳಾಯಿತು. "ಒಂದು ಗೇಣು ಆಚೆಗೆ ಬಿದ್ದಿದ್ದರೆ ನನ್ನ ತಲೆಯ ಮೇಲೆ ಬೀಳುತ್ತಿತ್ತಲ್ಲ!" ಎಂದು ನಾನು ಬೆವರು ಒರೆಸಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಸದ್ಯ, ಕಾಯಿ ಉಳ್ಕೊಂತು" ಎಂದಳು.

ಹೊಸ ಮೌಸ್ ತರುವುದೇನು ದೊಡ್ಡ ಕೆಲಸವಲ್ಲ. ಆದರೆ ನಾನು ತರಲಿಲ್ಲ. ಕಪ್ಪು ಪರದೆ ಗೊತ್ತಿದ್ದವನಿಗೆ ಮೌಸ್ ಯಾಕೆ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಕಾಂತರಾಜು ಅದನ್ನು ಊರಿಗೆಲ್ಲ ಹೇಳಿ ನನ್ನ ಕೆಲಸ ಹಗುರ ಮಾಡಿದ. ಹೀಗೆ ನನ್ನ ಕೀರ್ತಿ ಒಂದು ಹದಕ್ಕೆ ಬರುತ್ತಿದ್ದಾಗಲೇ ನನ್ನ ಹೆಂಡತಿಗೆ ಆ ಹಾಡು ಬೇಕಾಯಿತು.

ನನ್ನ ಹೆಂಡತಿ ಸೋಬಾನೆ ಹಾಡುವವಳು. ಸುತ್ತಿನ ಊರುಗಳಲ್ಲಿ ಮದುವೆಯೆಂದರೆ ಅರಿಶಿನ ಹಚ್ಚುವುದಕ್ಕೆ ಅವಳು ಬಂದು ದನಿ ಎತ್ತಬೇಕು. ಕಾಂತರಾಜುವಿನ ಮಗಳ ಮದುವೆ ನಿಶ್ಚಯವಾಗಿತ್ತು. ಸೋದರಮಾವ ತೋಟಕ್ಕೆ ಹೋಗಿ ಹೊಂಬಾಳೆ ತರುವ ಒಂದು ಉದ್ದನೆಯ ಹಾಡಿದೆ. ಅದನ್ನು ಪೂರ್ತಿ ಬಲ್ಲವರು ಕಂದಿಕೆರೆಯ ಅವಳ ಚಿಕ್ಕಮ್ಮ ಒಬ್ಬರೇ. ಅವರು ಹೋದ ವರ್ಷ ತೀರಿಕೊಂಡರು. ತೀರಿಕೊಳ್ಳುವ ಮೊದಲು ನನ್ನ ಹೆಂಡತಿ ಹೋಗಿ ಅವರ ಕೈಲಿ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಳು. ಫೋನು ತುಂಬಿಹೋದಾಗ ಎಲ್ಲವನ್ನೂ ನಾನೇ ಕಂಪ್ಯೂಟರಿಗೆ ಸಾಗಿಸಿದ್ದೆ. ಈಗ ಅವಳಿಗೆ ಹಾಡಿನ ಮೊದಲೂ ನೆನಪಿದೆ, ಕೊನೆಯೂ ನೆನಪಿದೆ. ಸೋದರಮಾವ ತೋಟದ ಒಳಗೆ ಹೋದವನು ಹೊರಗೆ ಬರುವುದು ಮಾತ್ರ ಹೇಗೆಂದು ಮರೆತುಹೋಗಿದೆ. "ಆ ಹಾಡು ಹಾಕ್ಕೊಡ್ರೀ" ಎಂದು ಬಂದು ಕೇಳಿದಳು.

ಹಾಕಿಕೊಟ್ಟಿದ್ದರೆ ಆಗಲೇ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಆಸೆ ಮಿಂಚಿತು. ಅದು ಏನೆಂದು ಹೇಳಬೇಕಾದರೆ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮದುವೆಯಾದಾಗಿನಿಂದ ನನ್ನ ಹೆಂಡತಿ ನನ್ನ ಹೆಸರು ಹೇಳಿದವಳಲ್ಲ. ನನ್ನ ಹೆಸರು ಚಂದ್ರಶೇಖರಯ್ಯ. ಹೆಸರಷ್ಟೇ ಅಲ್ಲ, ಆ ಹೆಸರಿನ ತುಂಡನ್ನೂ ಅವಳು ಬಾಯಿಗೆ ತರುವುದಿಲ್ಲ. ಅಂಗಡಿಯಲ್ಲಿ ಚಂದ್ರಬಾಳೆ ಹಣ್ಣು ಬೇಕಾದರೆ "ಆ ಕೆಂಪುದು ಕೊಡಪ್ಪ" ಅನ್ನುತ್ತಾಳೆ. ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ದಿನ ಟೀವಿ ನೋಡಿ ಬೀದಿಗೆ ಓಡಿ, "ಇಳೀತಂತೆ ಕಣೇ, ಇಳೀತಂತೆ!" ಎಂದು ಎಲ್ಲರಿಗೂ ಸಾರಿದಳು. ಎಲ್ಲಿ ಇಳಿಯಿತು ಎಂದು ಕೇಳಿದವರಿಗೆ ಬೆರಳೆತ್ತಿ ಮೇಲಕ್ಕೆ ತೋರಿಸಿದಳು. ಮದುವೆಯ ದಿನ ಹೊಸಿಲ ಹತ್ತಿರ ಹೆಂಗಸರೆಲ್ಲ ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿದಿದ್ದರು. ಅವಳು ತುಟಿ ಅಲ್ಲಾಡಿಸಿದ್ದು ನಿಜ. ಸರಿಯಾಗಿ ಆಗಲೇ ವಾಲಗದವರು ಊದಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಲಿಲ್ಲ. ಅವತ್ತಿನಿಂದ ಒಂದು ಸಲ, ಒಂದೇ ಒಂದು ಸಲ, ನನ್ನ ಹೆಸರು ಅವಳಿಂದ ಬರಬೇಕೆಂಬ ಆಸೆ ನನ್ನಲ್ಲಿ ಉಳಿದೇಬಿಟ್ಟಿದೆ. ಇಷ್ಟು ವಯಸ್ಸಾದ ಮೇಲೆ ಇದನ್ನು ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆ.

ಕಂಪ್ಯೂಟರಿನ 'ಡಿ' ಎಂಬ ಭಾಗದಲ್ಲಿ ನಾನು ನನ್ನ ಪೂರ್ತಿ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡಿ, ತೋಟ, ಫೋಟೋ, ಹಾಡು ಎಲ್ಲವನ್ನೂ ಅದರೊಳಗೆ ಇಟ್ಟಿದ್ದೆ. ಮೌಸ್ ಇದ್ದಾಗ ಅದರ ಮೇಲೆ ಬೆರಳಿಟ್ಟು ಒತ್ತಿದರೆ ಸಾಕಿತ್ತು. ಹಣ್ಣಿನ ಅಂಗಡಿಯಲ್ಲಿ 'ಆ ಕೆಂಪುದು' ಅಂದ ಹಾಗೆ. ಕಪ್ಪು ಪರದೆಯಲ್ಲಿ ಬೆರಳು ತೋರಿಸುವ ವ್ಯವಹಾರ ಇಲ್ಲ. ಹೆಸರು ಹಿಡಿದು ಕರೆಯಬೇಕು. ಅಂದರೆ ಹಾಡು ಬೇಕಾದವರು ನನ್ನ ಹೆಸರನ್ನು ದಾಟಿಯೇ ಹೋಗಬೇಕು. ನಾನು ಗಂಭೀರವಾಗಿ, "ಎಷ್ಟು ದಿನ ಅಂತ ನಾನು ತೆಗ್ದುಕೊಡ್ಲಿ? ನೀನೂ ಕಲಿ. ನಾನು ಹೇಳಿಕೊಡ್ತೀನಿ" ಎಂದೆ.

ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವವಳು. ಪಾಠ ಸಲೀಸಾಗಿ ಸಾಗಿತು. ಹಾಜರಿ ಕೂಗಿಸುವುದನ್ನು ಕಲಿತಳು. 'ಡಿ' ಭಾಗದಲ್ಲಿ ಮೂರು ಫೋಲ್ಡರುಗಳು ಬಂದವು: ಒಂದು ಆಧಾರ್ ಕಾರ್ಡುಗಳದ್ದು, ಒಂದು ಬ್ಯಾಂಕಿನದ್ದು, ಮೂರನೆಯದು ನನ್ನದು. "ಹೆಸ್ರು ಎಷ್ಟುದ್ದ ಹಾಕ್ಕೊಂಡಿದ್ದೀರ್ರೀ, ಬಸ್ ಸ್ಟ್ಯಾಂಡ್ ಬೋರ್ಡಿನಂಗೆ" ಎಂದಳು. ನಾನು ಉತ್ಸಾಹದಲ್ಲಿ ಬೇಡದ್ದನ್ನೂ ಹೇಳಿಕೊಟ್ಟೆ. ಹೆಸರು ಬದಲಾಯಿಸುವುದಕ್ಕೆ 'ಆರ್ ಇ ಎನ್', ಹೊಸ ಫೋಲ್ಡರಿಗೆ 'ಎಂ ಡಿ'. ಅಷ್ಟಕ್ಕೇ ನಿಲ್ಲಿಸಬಾರದೇ? "ಈ ಎಡಗಡೆ ಟ್ಯಾಬ್ ಅಂತ ಗುಂಡಿ ಐತೆ ನೋಡು. ಇದನ್ನ ಒತ್ತಿದ್ರೆ ಒಳಗಿರೋ ಹೆಸ್ರುಗಳನ್ನ ಒಂದೊಂದಾಗಿ ಅದೇ ತಂದು ಬರೀತದೆ. ಅದು ಸೋಮಾರಿಗಳಿಗೆ. ನಾನು ಒಂದಿನ ಮುಟ್ಟಿಲ್ಲ" ಎಂದೂ ಸೇರಿಸಿದೆ. ನನಗೆ ಶತ್ರುಗಳು ಬೇರೆ ಬೇಡ, ನನ್ನ ಬಾಯೇ ಸಾಕು.

"ಈಗ ಸಿ ಡಿ ಅಂತ ಹೊಡೆದು ಆ ಮೂರನೇ ಹೆಸರು ಹೊಡಿ" ಎಂದೆ, ಆದಷ್ಟು ಸಾಧಾರಣ ದನಿಯಲ್ಲಿ. ಅವಳ ಬೆರಳು ನಿಂತಿತು. ನನ್ನ ಮುಖ ನೋಡಿದಳು. ಮುಖದಲ್ಲಿ ಏನು ಕಂಡಿತೋ, "ಓಹೋ" ಎಂದಳು. ನಾನು ವಕೀಲನ ಹಾಗೆ ವಾದ ಹೂಡಿದೆ: ಬಾಯಲ್ಲಿ ಹೇಳುವುದು ಬೇರೆ, ಬೆರಳಲ್ಲಿ ಒತ್ತುವುದು ಬೇರೆ, ರೇಷನ್ ಕಾರ್ಡಿನ ಅರ್ಜಿಯಲ್ಲಿ ನನ್ನ ಹೆಸರು ಬರೆದುಕೊಟ್ಟವಳು ನೀನೇ ಅಲ್ಲವೇ ಎಂದೆ. "ಅದು ಬರೆಯೋದು. ಇದು ಕರೆಯೋದು" ಎಂದಳು. "ಹೆಸ್ರು ಹಿಡ್ದು ಕರುದ್ರೆ ಬಾಗ್ಲು ತೆಗೀತದೆ ಅಂತ ಈಗ್ತಾನೆ ನೀವೇ ಹೇಳಿದ್ರಲ್ಲ?" ಎಂದು ಎದ್ದು ಹೋದಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅವಳು ಕಾಯಿ ತುರಿಯುತ್ತಾ ಆ ಹಾಡು ಗುನುಗುವಳು. ಸೋದರಮಾವ ತೋಟದ ಬೇಲಿ ದಾಟುವನು, ಅಲ್ಲಿಗೆ ಹಾಡು ನಿಲ್ಲುವುದು, ತುರಿಮಣೆಯ ಸದ್ದೂ ನಿಲ್ಲುವುದು. ಮತ್ತೆ ಮೊದಲಿನಿಂದ. ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾದೀತು, ಆದರೆ ಮುದ್ದೆ ಗಂಟಲಲ್ಲಿ ಸ್ವಲ್ಪ ನಿಧಾನವಾಗಿ ಇಳಿಯುತ್ತಿತ್ತು. ಕಾಂತರಾಜು ಬಂದು, "ಅಕ್ಕ ಆ ಹಾಡು ಬುಟ್ಟು ಬೇರೆ ಯಾವ್ದಾದ್ರೂ ಹೇಳ್ತೀನಿ ಅಂತಾವ್ರೆ ಕಣಣ್ಣ. ಕಂದಿಕೆರೆ ಅಜ್ಜಿ ಹಾಡು ಇಲ್ದೆ ನಮ್ಮನೇಲಿ ಅರಿಶಿನ ಹಚ್ಚೋದು ಹೆಂಗೆ?" ಎಂದು ಪೇಚಾಡಿಕೊಂಡ. ನಾನು ಹಾಕಿಕೊಟ್ಟುಬಿಡೋಣ ಎಂದುಕೊಳ್ಳುವೆ. ಮರುಗಳಿಗೆ, ಇಷ್ಟು ಹತ್ತಿರ ಬಂದು ಬಿಡುವುದೇ ಎಂದುಕೊಳ್ಳುವೆ. ಅವಳು ನನ್ನನ್ನು ಇನ್ನೊಂದು ಸಲ ಕೇಳಲಿಲ್ಲ. ಅವಳ ಹಟವೇನು ನನ್ನ ಹಟಕ್ಕಿಂತ ಕಡಿಮೆಯದಲ್ಲ.

ಒಂದು ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ನಾನು ಪೇಪರ್ ಓದುವವನ ಹಾಗೆ ಅದನ್ನು ಮುಖಕ್ಕೆ ಹಿಡಿದು, ಅಂಚಿನಿಂದ ಇಣುಕಿದೆ. ಕಪ್ಪು ಪರದೆ ಬಂತು. 'ಡಿ' ಭಾಗಕ್ಕೆ ಹೋದಳು. ಹಾಜರಿ ಕೂಗಿಸಿದಳು. 'ಸಿ' ಹೊಡೆದಳು, 'ಡಿ' ಹೊಡೆದಳು, ಜಾಗ ಬಿಟ್ಟಳು. ನನ್ನ ಪೇಪರು ಒಂದು ಬೆರಳಷ್ಟು ಕೆಳಗಿಳಿಯಿತು. ಅವಳ ಎಡಗೈಯ ಕಿರುಬೆರಳು ಮೆಲ್ಲಗೆ ಪಕ್ಕಕ್ಕೆ ಸರಿದು ಟ್ಯಾಬ್ ಗುಂಡಿಯನ್ನು ಒತ್ತಿತು. ಆಧಾರ್ ಬಂತು. ಇನ್ನೊಮ್ಮೆ ಒತ್ತಿದಳು, ಬ್ಯಾಂಕ್ ಬಂತು. ಇನ್ನೊಮ್ಮೆ ಒತ್ತಿದಳು, ನಾನು ಬಂದೆ. ಅಷ್ಟುದ್ದದ ಹೆಸರು, ಒಂದಕ್ಷರವನ್ನೂ ಅವಳು ಮುಟ್ಟದೆ, ತಾನಾಗಿ ಬಂದು ಕೈಕಟ್ಟಿ ನಿಂತಿತು. ಎಂಟರ್ ಹೊಡೆದು ನನ್ನನ್ನು ದಾಟಿಕೊಂಡು ಒಳಗೆ ಹೋದಳು. "ನಾನ್ ಕರೀಲಿಲ್ಲಪ್ಪ, ಅದೇ ಕರೀತು" ಎಂದು ಪರದೆಗೆ ಹೇಳಿದಳು.

ಒಳಗೂ ಹಾಗೇ ಟ್ಯಾಬ್ ಒತ್ತುತ್ತಾ ಹೋಗಿ ಹಾಡು ಹಿಡಿದಳು. ಮರುಕ್ಷಣ ಕಂದಿಕೆರೆ ಚಿಕ್ಕಮ್ಮನ ದನಿ ನಡುಮನೆಯನ್ನೆಲ್ಲ ತುಂಬಿತು. ಸೋದರಮಾವ ತೋಟದೊಳಗೆ ಹೋದ, ಮರಕ್ಕೆ ಕೈಮುಗಿದ, ಹೊಂಬಾಳೆ ತಂದ. ನನ್ನ ಹೆಂಡತಿ ತುಟಿಯಲ್ಲೇ ಜೊತೆಗೂಡಿ ಹಾಡುತ್ತಾ ಕಣ್ಣು ಒರೆಸಿಕೊಂಡಳು. ನನ್ನ ಪೇಪರೂ ಸ್ವಲ್ಪ ಮಸುಕಾಯಿತು. ಹಾಡು ಮುಗಿಯಿತು. ಆದರೆ ಅವತ್ತು ಫೋನನ್ನು ನಿಲ್ಲಿಸುವುದು ಮರೆತಿದ್ದಳೆಂದು ಕಾಣುತ್ತದೆ, ಮಾತು ಮುಂದುವರಿಯಿತು.

"ಇದನ್ನೆಲ್ಲ ಹಿಡ್ಕೊಂಡೋಗಿ ಏನ್ ಮಾಡ್ತೀಯೇ?" ಇದು ಚಿಕ್ಕಮ್ಮ.

"ನಮ್ಮೋರು ಕಂಪ್ಯೂಟ್ರಲ್ಲಿ ಹಾಕಿ ಮಡಗ್ತಾರೆ ಚಿಕ್ಕಮ್ಮ." ಇದು ನನ್ನ ಹೆಂಡತಿ. "ಕರ್ರಗಿರೋ ಪರದೇಲಿ ಅದೇನೋ ಬರೀತಾರೆ, ಕೇಳಿದ್ದು ಬತ್ತದೆ. ನಮ್ಮೋರಂಗೆ ಅದನ್ನ ಮಾಡೋರು ಈ ಸುತ್ತಿನಲ್ಲೇ ಇನ್ನೊಬ್ರಿಲ್ಲ. ವಸಿ ಜಂಬ ಜಾಸ್ತಿ, ಅಷ್ಟೇಯ."

"ಇರ್ಲಿ ಬುಡು. ಗೊತ್ತಿರೋರ್ಗೆ ಇರ್ತದೆ."

ನನ್ನ ಹೆಂಡತಿ ಕುರ್ಚಿಯಿಂದ ಎದ್ದು ನಿಂತಳು. "ನಿಲ್ಸ್ರೀ ಅದನ್ನ, ನಿಲ್ಸ್ರೀ!" ಎಂದಳು. "ನಿಲ್ಲಿಸೋಕೆ ಮೌಸ್ ಬೇಕಲ್ಲ" ಎಂದೆ. ಉದ್ದ ಗುಂಡಿಯೊಂದನ್ನು ಒತ್ತಿದರೆ ನಿಲ್ಲುತ್ತದೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಅವತ್ತು ನಾನು ಎಷ್ಟು ಉಬ್ಬಿದೆನೆಂದರೆ, ಸಂತೆಗೆ ಹೋಗುವ ದಾರಿಯಲ್ಲಿ ಗುರುತಿಲ್ಲದವರಿಗೂ ನಮಸ್ಕಾರ ಹೊಡೆದೆ. ಹೆಸರು ಕೇಳಬೇಕೆಂದು ಕಾದು ಕೂತವನಿಗೆ ಅದಕ್ಕಿಂತ ದೊಡ್ಡದೇ ಸಿಕ್ಕಿತ್ತು. ಮದುವೆಯಲ್ಲಿ ಅವಳು ಹಾಡನ್ನು ಪೂರ್ತಿ ಹಾಡಿದಳು. ಹೆಂಗಸರೆಲ್ಲ ಇದನ್ನು ಎಲ್ಲಿಂದ ತೆಗೆದೆಯೇ ಎಂದು ಕೇಳಿದರೆ, "ಕಂಪ್ಯೂಟ್ರಿಂದ. ನಾನೇ ತೆಗ್ದೆ" ಎಂದಳಂತೆ. ಕಲಿಸಿದವರು ಯಾರೆಂದು ಯಾರೂ ಕೇಳಲಿಲ್ಲವಂತೆ. ಇರಲಿ.

ಮದುವೆ ಮುಗಿದ ವಾರ ಕಾಂತರಾಜು, ನಾನು ಕಂಪ್ಯೂಟರಿಗೆ ಸಾಗಿಸಿಟ್ಟಿದ್ದ ಮಗಳ ಮದುವೆಯ ಫೋಟೋ ನೋಡಲು ಬಂದ. ನಾನು ಬೆರಳು ನೆಟಿಗೆ ಮುರಿದುಕೊಂಡು, ಟ್ಯಾಬ್ ಮುಟ್ಟದೆ, ನನ್ನ ಪೂರ್ತಿ ಹೆಸರನ್ನು ಟಪಟಪನೆ ಹೊಡೆದೆ. ಆ ಹೆಸರಿನವರು ಇಲ್ಲಿಲ್ಲ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಬಂತು. ಇನ್ನೊಮ್ಮೆ ಹೊಡೆದೆ. ಇಲ್ಲ. ನನ್ನ ಮನೆಯಲ್ಲಿ, ನನ್ನ ಕಂಪ್ಯೂಟರಿನಲ್ಲಿ, ನಾನೇ ಇಲ್ಲ. ಗಾಬರಿಯಿಂದ ಹಾಜರಿ ಕೂಗಿಸಿದೆ. ಆಧಾರ್, ಬ್ಯಾಂಕ್, ಮೂರನೆಯದು: ನಮ್ಮೋರು. 'ಆರ್ ಇ ಎನ್' ಹೊಡೆದು, ಟ್ಯಾಬಿನ ಕೈಲಿ ನನ್ನ ಹೆಸರು ಹೇಳಿಸಿ, ಅದರ ಜಾಗಕ್ಕೆ ತನಗೆ ಬೇಕಾದ ಹೆಸರಿಟ್ಟಿದ್ದಳು.

"ನಮ್ಮೋರು ಅಂದ್ರೆ ಯಾರಣ್ಣ?" ಎಂದು ಕಾಂತರಾಜು ಕೇಳಿದ. 'ನಾನು' ಎಂದು ಹೇಳಲು ಹೊರಟವನಿಗೆ ಮುಖ ಬಿಸಿಯಾಯಿತು. ತುಟಿ ಬಿಗಿಹಿಡಿದು 'ಸಿ ಡಿ ನಮ್ಮೋರು' ಎಂದು ಹೊಡೆದು ನನ್ನೊಳಗೆ ನಾನೇ ಹೋದೆ. ಅವನು ಸುಮ್ಮನಿರಬೇಕಲ್ಲ! "ಆಧಾರ್, ಬ್ಯಾಂಕು, ನೀವು. ಅಕ್ಕನ ಹೆಸ್ರಲ್ಲಿ ಯಾವ್ದೂ ಇಲ್ವಲ್ಲಣ್ಣ?" ಎಂದ.

ಅವನು ಹೋದ ಮೇಲೂ ಆ ಮಾತು ಹೋಗಲಿಲ್ಲ. ಇಷ್ಟು ದೂರ ಓದಿಕೊಂಡು ಬಂದಿರಿ, ನನ್ನ ಹೆಸರು ನಿಮಗೆ ಗೊತ್ತು, ಕಾಂತರಾಜುವಿನ ಹೆಸರು ಗೊತ್ತು. ಹಾಡಿದವಳ ಹೆಸರು ಗೊತ್ತಾಯಿತೇ? ನಾನು ಅವಳನ್ನು ಕೂಗುವುದು 'ಲೇ' ಎಂದು, ಬಹಳ ಪ್ರೀತಿ ಬಂದರೆ 'ಇವಳೇ' ಎಂದು. ಅವಳದ್ದಾದರೂ ಒಂದು ಪದ್ಧತಿ. ನನ್ನದು ಯಾವ ಪದ್ಧತಿ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಕಪ್ಪು ಪರದೆಯ ಮುಂದೆ ಕೂತು 'ಎಂ ಡಿ' ಎಂದು ಹೊಡೆದೆ. ಜೀವನದಲ್ಲಿ ಮೊದಲ ಬಾರಿಗೆ ಟ್ಯಾಬ್ ಒತ್ತಿದೆ. ಆಧಾರ್ ಬಂತು, ಬ್ಯಾಂಕ್ ಬಂತು, ನಾನು ಬಂದೆ. ಅವಳು ಬರಲಿಲ್ಲ. ಒಳಗೆ ಇಲ್ಲದವರನ್ನು ಅದು ಎಲ್ಲಿಂದ ತಂದೀತು? ಒಂದೊಂದೇ ಅಕ್ಷರ ಹುಡುಕಿ, ನಾನೇ ಹೊಡೆದೆ. ಚಿಕ್ಕಮ್ಮನ ಹಾಡುಗಳನ್ನೆಲ್ಲ ಅದರೊಳಗೆ ಸಾಗಿಸಿದೆ. ಮನಸ್ಸಿಗೆ ಹಿತವಾಯಿತು. ಬರೆದದ್ದಾಯಿತು, ಒಂದು ಸಲ ಕೂಗಿಯೂ ಬಿಡೋಣ ಎಂದು ಗಂಟಲು ಸರಿಮಾಡಿಕೊಂಡು ಅಡುಗೆಮನೆಯ ಕಡೆ ತಿರುಗಿ, "ಸರೋಜಾ" ಎಂದೆ.

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಕಾಯಿತುರಿಯ ಕೈಯಲ್ಲೇ ಓಡಿಬಂದು ನನ್ನ ಎದೆ ಮುಟ್ಟಿ, ಹಣೆ ಮುಟ್ಟಿ, "ಏನಾಯ್ತ್ರೀ? ಎದೆನೋವಾ? ಕಾಂತರಾಜುನ ಕೂಗ್ಲಾ?" ಎಂದಳು. ಏನೂ ಇಲ್ಲ, ಸುಮ್ಮನೆ ಕರೆದೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆ ಹೊತ್ತು ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ನನಗೆ ಮಾತ್ರ ಉಪ್ಪು ಕಡಿಮೆ ಹಾಕಿದ ಗಂಜಿ.